ಗೊತ್ತಿಲ್ದೆ 112ಕ್ಕೆ ಕಾಲ್ ಹೋಯ್ತಾ? ಕಟ್ ಮಾಡಬೇಡಿ

ಪವರ್ ಬಟನ್ ಪಟಪಟ ಮೂರೋ ಐದೋ ಸಲ ಒತ್ತಿದರೆ, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ, ಹಲವು ಮೊಬೈಲ್‌ಗಳಿಂದ ತುರ್ತು ಕರೆ 112ಕ್ಕೆ ಹೋಗುತ್ತದೆ. ಕಿಸೆಯಲ್ಲಿದ್ದಾಗಲೂ ಹೀಗಾಗುವುದುಂಟು.

ಹೆದರಿ ಕಟ್ ಮಾಡೋದೇ ತಪ್ಪು. ಯಾರಿಗೋ ಅಪಾಯವೆಂದು ಅವರು ತಿರುಗಿ ಫೋನ್ ಮಾಡಬೇಕಾಗುತ್ತದೆ. "ತಪ್ಪಿ ಬಂತ್ರಿ ಸರ್, ಏನೂ ತೊಂದ್ರಿ ಇಲ್ಲ" ಎಂದು ಹೇಳಿಯೇ ಇಡಿ. ಕಡಲಿನ ಬೋಟ್‌ಗಳಲ್ಲೂ ಇದೇ ಪದ್ಧತಿ: ರೇಡಿಯೋದಿಂದ ತಪ್ಪಿ ಅಪಾಯದ ಸಂದೇಶ ಹೋದರೆ 16ನೇ ಚಾನೆಲ್‌ನಲ್ಲಿ ರದ್ದು ಎಂದು ಸಾರಬೇಕು.

2019ರಂತೆ ಕೃಷ್ಣಾ ನದಿ ಊರೊಳಗೆ ಬಂದಾಗ ಈ ಒಂದು ಲೈನ್ ಬೇರೆಯವರಿಗೆ ಬೇಕು.

ನಿಪ್ಪಾಣಿ, ಕಾಗವಾಡ ಗಡಿಯಲ್ಲಿ ಮಹಾರಾಷ್ಟ್ರದ ಟವರ್ ಹಿಡಿದರೆ ಕರೆ ಅತ್ತ ಹೋಗಬಹುದು. ಊರು, ತಾಲೂಕಿನ ಜತೆ ಕರ್ನಾಟಕ ಅಂತಾನೂ ಹೇಳಿ.

ಪದೇ ಪದೇ ಹೋಗ್ತಿದ್ರೆ ಸೆಟ್ಟಿಂಗ್ಸ್‌ನಲ್ಲಿ 'ಎಮರ್ಜೆನ್ಸಿ ಎಸ್‌ಒಎಸ್' ನೋಡಿ. ವಯಸ್ಸಾದವರ ಫೋನಿನಲ್ಲಿ ಮಾತ್ರ ಆಫ್ ಮಾಡಬೇಡಿ.