ದಾಯವೂ ಧರ್ಮವೂ: ಕೊಪಣನಾಡಿನಲ್ಲಿ ನಿಂತು ಒಂದು ಚಿಂತನೆ

ಕೊಪಣವೆಂದೊಡನೆ ಜೈನ ಬಾಂಧವರ ಮನಸ್ಸಿನಲ್ಲಿ ಮೂಡುವುದು ಮಹಾತೀರ್ಥದ ಚಿತ್ರ. ಇಂದಿನ ಕೊಪ್ಪಳವೇ ಅಂದಿನ ಕೊಪಣ. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ನಗರಗಳಲ್ಲಿ ಇದೂ ಒಂದು. ಹೊಯ್ಸಳ ದಂಡನಾಯಕ ಗಂಗರಾಜನು ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿ ಗಂಗವಾಡಿಯನ್ನು ಕೊಪಣದಂತೆ ಬೆಳಗಿಸಿದನೆಂದು ಶ್ರವಣಬೆಳಗೊಳದ ಶಾಸನ ಹೊಗಳುತ್ತದೆ. ಹೋಲಿಕೆಗೆ ಅಳತೆಗೋಲಾಗುವಷ್ಟು ಈ ಕ್ಷೇತ್ರದ ಕೀರ್ತಿ ಹಬ್ಬಿತ್ತು. ಆ ಕೀರ್ತಿಗೆ ಕಾರಣ ತ್ಯಾಗ ಮತ್ತು ದಾನ. ಪಾಲ್ಕಿಗುಂಡಿನ ಬಂಡೆಯ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಮಾಡಿಸಿದ ಚಾವಯ್ಯನಾಗಲಿ, ಇಲ್ಲಿಯ ಮುನಿಸಂಘಕ್ಕೆ ಹೇರಳ ಹೊನ್ನು ಕೊಟ್ಟು ವೃತ್ತಿ ಕಲ್ಪಿಸಿದ ಹುಳ್ಳ ದಂಡನಾಯಕನಾಗಲಿ, ತಾವು ಬದುಕಿರುವಾಗಲೇ, ತಮ್ಮ ಕೈಯಾರೆ ಕೊಟ್ಟವರು. ಭೂದಾನವಾದರೆ ಅದರ ಎಲ್ಲೆ, ಸಾಕ್ಷಿಗಳು, ದಾನ ಪಡೆದವರು ಯಾರೆಂಬುದನ್ನು ಕಲ್ಲಿನಲ್ಲಿ ಕೊರೆಯಿಸುವುದು ಕನ್ನಡನಾಡಿನ ವಾಡಿಕೆಯಾಗಿತ್ತು.

ಇದೇ ನಾಡಿನ ಮನೆಗಳಲ್ಲಿ ಇಂದು ಆಸ್ತಿಯ ಮಾತು ಬಂದಾಗ ಮೌನವೇ ಹೆಚ್ಚು. ಹಿರಿಯರು ಬದುಕಿರುವಾಗ ಪಾಲಿನ ಪ್ರಸ್ತಾಪ ಅಮಂಗಳವೆಂಬ ಭಾವನೆ. ತೀರಿಕೊಂಡ ಮೇಲೆ ಅದೇ ಮಾತು ನ್ಯಾಯಾಲಯದ ಮೆಟ್ಟಿಲೇರುತ್ತದೆ. ಒಡಹುಟ್ಟಿದವರು ವಾದಿ ಪ್ರತಿವಾದಿಗಳಾಗುತ್ತಾರೆ. ಈ ವಿಷಯದಲ್ಲಿ ನಮ್ಮ ಪೂರ್ವಾಚಾರ್ಯರು ಏನು ಹೇಳಿದ್ದರು, ಆ ಮಾತು ಮರೆಯಾದದ್ದು ಹೇಗೆ, ಇಂದಿನ ಕಾನೂನು ಎಲ್ಲಿ ನಿಂತಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಆದಿಪುರಾಣದ ಎರಡು ಪಾಠಗಳು

ದಾಯಾದಿ ಕಲಹದ ಕಥೆ ನಮಗೆ ಹೊಸದಲ್ಲ. ಭಗವಾನ್ ವೃಷಭನಾಥರು ದೀಕ್ಷೆಗೆ ಮುನ್ನವೇ ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ಹಂಚಿಕೊಟ್ಟಿದ್ದರು. ಆದರೂ ಕಲಹ ಬಂದಿತು. ಹಂಚಿಕೆಯಲ್ಲಿ ದೋಷವಿರಲಿಲ್ಲ; ಒಬ್ಬನ ಪಾಲೂ ತನ್ನದಾಗಬೇಕೆಂಬ ಆಸೆಯಲ್ಲಿ ದೋಷವಿತ್ತು. ಸೇನೆಗಳು ಎದುರು ನಿಂತಾಗ ಮಂತ್ರಿಗಳು ಮಧ್ಯೆ ಬಂದು, ನಿರಪರಾಧಿಗಳ ರಕ್ತ ಹರಿಯದಂತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ವ್ಯಾಜ್ಯ ಅನಿವಾರ್ಯವಾದರೂ ಹಿಂಸೆಯನ್ನು ಕಿರಿದುಗೊಳಿಸಬಹುದೆಂಬುದು ಮೊದಲ ಪಾಠ.

ಎರಡನೆಯ ಪಾಠವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಮಳಖೇಡದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಅದೇ ಆದಿಪುರಾಣದ 38ನೆಯ ಪರ್ವದಲ್ಲಿ ಗೃಹಸ್ಥನ ಕ್ರಿಯೆಗಳ ವಿವರಣೆಯಿದೆ. ಅಲ್ಲಿ ಬರುವ ಗೃಹತ್ಯಾಗ ಕ್ರಿಯೆಯ ಕ್ರಮ ಹೀಗಿದೆ: ಮನೆಯನ್ನು ತ್ಯಜಿಸುವ ಗೃಹಸ್ಥನು ಸಿದ್ಧಪೂಜೆ ಮಾಡಿ, ಮಾನ್ಯರಾದ ಎಲ್ಲರನ್ನೂ ಕರೆಯಿಸಿ, ಅವರ ಸಾಕ್ಷಿಯಲ್ಲಿ ಮಗನಿಗೆ ಎಲ್ಲವನ್ನೂ ಒಪ್ಪಿಸಬೇಕು. ಧನವನ್ನು ಮೂರು ಭಾಗ ಮಾಡಿ, ಒಂದನ್ನು ಧರ್ಮಕಾರ್ಯಕ್ಕೆ, ಒಂದನ್ನು ಮನೆಯ ವೆಚ್ಚಕ್ಕೆ, ಮೂರನೆಯದನ್ನು ಒಡಹುಟ್ಟಿದವರ ಹಂಚಿಕೆಗೆ ಮೀಸಲಿಡಬೇಕು. ಆ ಮೂರನೆಯ ಭಾಗದಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೊಂದಿಗೆ ಸಮಾನ ಪಾಲಿಗೆ ಅರ್ಹರೆಂದು ಆಚಾರ್ಯರು ಸ್ಪಷ್ಟವಾಗಿ ಹೇಳುತ್ತಾರೆ.

ಬದುಕಿರುವಾಗಲೇ ಹಂಚಿಕೆ, ಸಾಕ್ಷಿಗಳ ಸಮಕ್ಷಮ, ಧರ್ಮಕ್ಕೊಂದು ಪಾಲು, ಮಗಳಿಗೆ ಸಮಭಾಗ: ಈ ನಾಲ್ಕನ್ನೂ ಒಂದೇ ಕಡೆ ವಿಧಿಸಿದ ಗ್ರಂಥವು ಸಾವಿರದ ನೂರು ವರ್ಷಗಳಿಗೂ ಹಿಂದೆ ಇದೇ ಕನ್ನಡನಾಡಿನ ಆಶ್ರಯದಲ್ಲಿ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಅದನ್ನು ಆಚರಣೆಯಲ್ಲಿ ಉಳಿಸಿಕೊಂಡಿದ್ದೇವೆಯೇ ಎಂಬುದು ಬೇರೆಯ ಪ್ರಶ್ನೆ.

ವಿಧವೆಯ ಸ್ವತ್ತಿನ ವಿಷಯದಲ್ಲಿಯೂ ಜೈನ ಪರಂಪರೆಗೆ ತನ್ನದೇ ಆದ ನಿಲುವಿತ್ತು. ಗಂಡುಸಂತಾನವಿಲ್ಲದೆ ಸತ್ತವನ ಧನವನ್ನು ಅರಮನೆಗೆ ಸೇರಿಸಿಕೊಳ್ಳುವ ಪದ್ಧತಿಯನ್ನು 12ನೆಯ ಶತಮಾನದ ಗುಜರಾತಿನ ಅರಸ ಕುಮಾರಪಾಲನು ಹೇಮಚಂದ್ರಾಚಾರ್ಯರ ಪ್ರಭಾವದಿಂದ ನಿಲ್ಲಿಸಿದನು. ಅಳುವ ವಿಧವೆಯ ಹಣ ಬೊಕ್ಕಸಕ್ಕೆ ಬೇಡವೆಂಬ ಆ ನಿರ್ಧಾರ ಅಹಿಂಸೆಯ ಒಂದು ರೂಪವೇ ಆಗಿತ್ತು.

ನ್ಯಾಯಾಲಯದಲ್ಲಿ ಜೈನ ದಾಯಕ್ರಮ

ಬ್ರಿಟಿಷರ ಆಳ್ವಿಕೆಯಲ್ಲಿ ವ್ಯಾಜ್ಯಗಳು ಉಚ್ಚ ನ್ಯಾಯಾಲಯಗಳಿಗೆ ಹೋದಾಗ, ಜೈನರಿಗೆ ಯಾವ ಕಾನೂನು ಅನ್ವಯಿಸುತ್ತದೆಂಬ ಪ್ರಶ್ನೆ ಎದ್ದಿತು. 1873ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಭಗವಾನದಾಸ ತೇಜಮಲ್ ಪ್ರಕರಣದಲ್ಲಿ, ಬೇರೆ ರೂಢಿಯಿದೆಯೆಂದು ರುಜುವಾತಾಗದ ಹೊರತು ಜೈನರಿಗೆ ಹಿಂದೂ ಧರ್ಮಶಾಸ್ತ್ರವೇ ಅನ್ವಯವೆಂದು ತೀರ್ಮಾನಿಸಿತು. ರೂಢಿಯನ್ನು ಸಾಬೀತುಪಡಿಸುವ ಹೊಣೆ ಅದನ್ನು ಹೇಳುವವನ ಮೇಲೆ ಬಿತ್ತು. 1878ರಲ್ಲಿ ಶಿವಸಿಂಗ್ ರಾಯ್ ವಿರುದ್ಧ ದಾಖೋ ಪ್ರಕರಣದಲ್ಲಿ ಆ ಹೊಣೆಯನ್ನು ಸರಿಯಾಗಿ ನಿರ್ವಹಿಸಲಾಯಿತು. ಜೈನ ಪ್ರಮುಖರ ಸಾಕ್ಷ್ಯವನ್ನು ಪರಿಗಣಿಸಿದ ಲಂಡನ್ನಿನ ಪ್ರಿವಿ ಕೌನ್ಸಿಲ್, ಗಂಡುಮಕ್ಕಳಿಲ್ಲದ ಜೈನ ವಿಧವೆಗೆ ಪತಿಯ ಸ್ವಯಾರ್ಜಿತ ಆಸ್ತಿಯಲ್ಲಿ ಪೂರ್ಣ ಸ್ವಾಮ್ಯವಿದೆ, ಪತಿಯ ಅನುಮತಿಯಿಲ್ಲದೆಯೂ ಆಕೆ ದತ್ತಕ ತೆಗೆದುಕೊಳ್ಳಬಹುದೆಂಬ ರೂಢಿಯನ್ನು ಮಾನ್ಯಮಾಡಿತು.

ಸಾಕ್ಷ್ಯ ಒದಗಿದಲ್ಲಿ ಗೆಲುವು, ಒದಗದಲ್ಲಿ ಸೋಲು ಎಂಬುದು ಇದರಿಂದ ತಿಳಿಯುತ್ತದೆ. ಬ್ಯಾರಿಸ್ಟರ್ ಚಂಪತ್ ರಾಯ್ ಜೈನರು 1926ರಲ್ಲಿ ಜೈನ ಕಾನೂನನ್ನು ಕುರಿತ ತಮ್ಮ ಗ್ರಂಥದಲ್ಲಿ ಭದ್ರಬಾಹು ಸಂಹಿತೆ, ವರ್ಧಮಾನ ನೀತಿ, ಅರ್ಹನ್ನೀತಿ ಮೊದಲಾದ ಗ್ರಂಥಗಳ ವಿಧಿಗಳನ್ನು ಸಂಗ್ರಹಿಸಿದರು. ಶಾಸ್ತ್ರಗ್ರಂಥಗಳಿಗೆ ಅವಿನಯವಾದೀತೆಂಬ ಅಂಜಿಕೆಯಿಂದ ಜೈನರು ಅವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸದೆ ಹೋದುದು ಹಾನಿಗೆ ಕಾರಣವಾಯಿತೆಂಬುದು ಅವರ ಕೊರಗಾಗಿತ್ತು. 1927ರಲ್ಲಿ ವರದಿಯಾದ ಗಟೆಪ್ಪ-ಎರಮ್ಮ ಪ್ರಕರಣದಲ್ಲಿ ಮದ್ರಾಸಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಯವರು ಜೈನಧರ್ಮವು ಸ್ಮೃತಿಗಳಿಗಿಂತ ಪ್ರಾಚೀನವಾದ ಸ್ವತಂತ್ರ ಧರ್ಮವೆಂದು ಒಪ್ಪಿ, ಆದರೆ ಹಿಂದಿನ ತೀರ್ಪುಗಳಿಂದ ಪ್ರಶ್ನೆ ಆಗಲೇ ಇತ್ಯರ್ಥವಾಗಿಬಿಟ್ಟಿದೆಯೆಂಬ ಭಾವವನ್ನು ವ್ಯಕ್ತಪಡಿಸಿದರು. ಬರೆದಿಟ್ಟರೂ ತೋರಿಸದ ಧರ್ಮ ನ್ಯಾಯಾಲಯದಲ್ಲಿ ಇಲ್ಲದಂತೆಯೇ ಆಯಿತು.

ಇಂದಿನ ಕಾನೂನು

ಕೊಪ್ಪಳ ಆಗ ಬ್ರಿಟಿಷ್ ಭಾರತದಲ್ಲಿರಲಿಲ್ಲ. ಅದು ನಿಜಾಮ ಸಂಸ್ಥಾನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬಂದಾಗ ಈ ಭಾಗ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ನವೆಂಬರ್ 1ರಂದು ಅದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಆ ಅಧಿನಿಯಮದ 2ನೆಯ ಕಲಮು ಜೈನರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂಬ ಮಾನ್ಯತೆ ದೊರೆತರೂ ಈ ಸ್ಥಿತಿ ಬದಲಾಗಲಿಲ್ಲ.

ಈ ಕಾನೂನಿನಂತೆ ಸ್ತ್ರೀಯ ಆಸ್ತಿ ಆಕೆಯದೇ ಪೂರ್ಣ ಸ್ವತ್ತು. ನಿದರ್ಶನಕ್ಕಾಗಿ ಯಲಬುರ್ಗಾದ ಒಂದು ವ್ಯಾಪಾರಿ ಮನೆತನವನ್ನು ಭಾವಿಸಿಕೊಳ್ಳೋಣ. ಯಜಮಾನರು ಯಾವ ಪತ್ರವನ್ನೂ ಬರೆಯದೆ ತೀರಿಕೊಂಡರು. ತಾಯಿ ಮೊದಲೇ ಗತಿಸಿದ್ದು, ಪತ್ನಿ, ಇಬ್ಬರು ಗಂಡುಮಕ್ಕಳು, ಗದಗಿಗೆ ಕೊಟ್ಟ ಒಬ್ಬ ಮಗಳು ಇದ್ದಾರೆ. ಅವರ ಸ್ವಯಾರ್ಜಿತ ಆಸ್ತಿ ನಾಲ್ಕು ಸಮಪಾಲಾಗುತ್ತದೆ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳ ಹಕ್ಕು ತಡವಾಗಿ ಬಂದಿತು. ಕರ್ನಾಟಕವು 1994ರ ಜುಲೈ 30ರಿಂದ ಅದನ್ನು ಕೊಟ್ಟಿತಾದರೂ ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೊಡೆದು, ಮಗಳನ್ನು ಹುಟ್ಟಿನಿಂದಲೇ ಸಹಭಾಗಿಯೆಂದಿತು. ಆ ದಿನ ತಂದೆ ಜೀವಂತವಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಜಿನಸೇನಾಚಾರ್ಯರ ಸಮಾಂಶದ ಮಾತಿಗೆ ದೇಶದ ಕಾನೂನು ಈಗ ಬಂದು ಸೇರಿದೆ. ಹೀಗಿರುವಾಗ ಹಬ್ಬಕ್ಕೆ ಬಂದ ಸಹೋದರಿಯಿಂದ ಅರ್ಥ ತಿಳಿಸದೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಕಾನೂನಿಗೂ ಆಗಮಕ್ಕೂ ಏಕಕಾಲದಲ್ಲಿ ಬಗೆಯುವ ದ್ರೋಹ.

ಮೃತ್ಯುಪತ್ರದ ಶುದ್ಧಿ

ಮೃತ್ಯುಪತ್ರಕ್ಕೆ ಮುದ್ರಾಂಕ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳು ಬರೆದವರ ಸಮಕ್ಷಮದಲ್ಲಿ ಸಹಿ ಮಾಡಿರಬೇಕು. ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಬರೆದುಕೊಡಬಹುದು. ಇಡೀ ಮನೆತನದ ಸ್ವತ್ತನ್ನು ಒಬ್ಬನಿಗೆ ಬರೆದಿಟ್ಟರೆ ಅದೇ ವ್ಯಾಜ್ಯದ ಬೀಜ. ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳೆಲ್ಲ ಆಧರಿಸುವ ಹಿರಿಯ ತೀರ್ಪು ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣದಲ್ಲಿ 1945ರ ಮೃತ್ಯುಪತ್ರವೊಂದರ ತೀರ್ಮಾನ 1958ರಲ್ಲಿ ಆಯಿತು. ಪತ್ರವನ್ನು ಮುಂದಿಟ್ಟವರೇ ಅದರ ಬರವಣಿಗೆಯಲ್ಲಿ ಮುಂದಾಗಿ ಪಾಲ್ಗೊಂಡಿದ್ದು, ಲಾಭ ಅವರ ಮಕ್ಕಳಿಗೆ ಸಂದಿದ್ದರಿಂದ, ಆ ಸಂಶಯವನ್ನು ನಿವಾರಿಸುವ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ನಿವಾರಣೆಯಾಗದೆ ಪತ್ರ ಬಿದ್ದುಹೋಯಿತು. ಒಂದು ಹಾಳೆಯ ಸತ್ಯಾಸತ್ಯ ತಿಳಿಯಲು ಹದಿಮೂರು ವರ್ಷ!

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸುತ್ತದೆ. ಮೊದಲನೆಯದು ಸುಳ್ಳುಪತ್ರ ಸೃಷ್ಟಿ, ಎರಡನೆಯದು ನಂಬಿ ಇಟ್ಟುದನ್ನು ಅಪಹರಿಸುವುದು. ಆಸ್ತಿವ್ಯಾಜ್ಯಗಳಲ್ಲಿ ಕಾಣುವ ದೊಡ್ಡ ದೋಷಗಳೂ ಇವೇ ಎರಡು. ಆದುದರಿಂದ ಹಿರಿಯರು ಬುದ್ಧಿ ಸ್ಥಿರವಾಗಿರುವಾಗಲೇ, ಲಾಭ ಪಡೆಯುವವರನ್ನು ದೂರವಿರಿಸಿ, ಮಾನ್ಯರ ಸಾಕ್ಷಿಯಲ್ಲಿ ಪತ್ರ ಮಾಡುವುದು ಲೇಸು. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಅದರ ಕಾರಣವನ್ನೂ ಬರೆಯಲಿ, ಬದುಕಿರುವಾಗಲೇ ಮಕ್ಕಳಿಗೆ ತಿಳಿಸಲಿ.

ಕಲಹ ಆಗಲೇ ಹುಟ್ಟಿದ್ದರೆ ಸಂಧಾನಕ್ಕೆ ಮಾರ್ಗವಿದೆ. ಪ್ರಾಮಾಣಿಕವಾದ ಕೌಟುಂಬಿಕ ಒಪ್ಪಂದವನ್ನು ಎತ್ತಿಹಿಡಿಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ಕಾಳೆ ಪ್ರಕರಣದಲ್ಲಿ ಹೇಳಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಿಂದ ನ್ಯಾಯಾಲಯಕ್ಕೇ ಮಧ್ಯಸ್ಥಿಕೆಗೆ ಕಳುಹಿಸುವ ಅಧಿಕಾರ ಕೊಟ್ಟಿದೆ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಭರತ ಬಾಹುಬಲಿಯರ ಮಂತ್ರಿಗಳ ಸ್ಥಾನದಲ್ಲಿ ನಿಲ್ಲಬಲ್ಲ ನಿಷ್ಪಕ್ಷಪಾತಿ ಹಿರಿಯರು ಪ್ರತಿ ಊರಿನ ಸಮಾಜದಲ್ಲಿಯೂ ಇದ್ದಾರೆ. ಆದರೆ ಅವರು ಸಹೋದರಿಯರನ್ನೂ ಕೂರಿಸಿಕೊಂಡು ಮಾತನಾಡಬೇಕು. ಒಪ್ಪಂದವನ್ನು ಬರೆದು, ನೋಂದಣಿ ಬೇಕೇ ಎಂಬುದನ್ನು ವಕೀಲರಿಂದ ತಿಳಿದುಕೊಳ್ಳಬೇಕು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಒಂದು ಮಾತು. ಧರ್ಮಕ್ಕೊಂದು ಪಾಲೆಂಬುದು ಆಚಾರ್ಯರ ವಿಧಿ ನಿಜ. ಆದರೆ ಅದು ಮೂರರಲ್ಲಿ ಒಂದು. ಉಳಿದ ಎರಡೂ ಮನೆಯವರವು. ಪತ್ನಿಯ ಜೀವನೋಪಾಯವನ್ನೋ ಮಗಳ ಪಾಲನ್ನೋ ಕಸಿದು ಬರೆದ ಮೃತ್ಯುಪತ್ರದ ಮೂಲಕ ಬಂದ ಜಮೀನು ಬಸದಿಗೆ ಶೋಭೆ ತರದು. ಅಂಥ ದತ್ತಿಯನ್ನು ಸ್ವೀಕರಿಸುವ ಮುನ್ನ ವಾರಸುದಾರರೆಲ್ಲರನ್ನೂ ಕೇಳುವುದು, ಸಂಶಯವಿದ್ದಲ್ಲಿ ವಿನಯದಿಂದ ನಿರಾಕರಿಸುವುದು ಅಚೌರ್ಯವ್ರತಕ್ಕೆ ಸಲ್ಲುವ ಗೌರವ.

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮಮಕಾರ ಎಂಬುದು ಆಗಮದ ಮರ್ಮ. ಸಲ್ಲೇಖನದ ಆರಂಭದಲ್ಲಿ ಸಾಧಕನು ಬಂಧುಗಳೆಲ್ಲರ ಕ್ಷಮೆ ಬೇಡುತ್ತಾನೆ, ತಾನೂ ಕ್ಷಮಿಸುತ್ತಾನೆ. ತನ್ನ ಹಿಂದೆ ಮಕ್ಕಳು ಒಬ್ಬರನ್ನೊಬ್ಬರು ಕ್ಷಮಿಸಲಾರದ ಸ್ಥಿತಿಯನ್ನು ಉಳಿಸಿಹೋಗುವುದು ಆ ಕ್ಷಮೆಗೆ ಒಪ್ಪುವ ನಡೆಯಲ್ಲ. ಈ ವರ್ಷದ ಪರ್ಯೂಷಣದ ದಿನಗಳಲ್ಲಿ ಪ್ರತಿ ಮನೆಯ ಹಿರಿಯರೂ ಮಕ್ಕಳನ್ನು, ಸೊಸೆಯಂದಿರನ್ನು, ಹೆಣ್ಣುಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಈ ಮಾತನ್ನು ಎತ್ತಲಿ. ಎತ್ತಿದ ಮಾತು ಕೆಲವು ಗಳಿಗೆ ಕಹಿಯೆನಿಸಬಹುದು. ಎತ್ತದೆ ಉಳಿದ ಮಾತು ತಲೆಮಾರುಗಳವರೆಗೆ ಕಹಿಯಾಗಿ ಉಳಿಯುತ್ತದೆ.