ಬಣ್ಣ ಕಳಚಿದ ಬಂದೂಕು

ದೀಪಾವಳಿಗೆಂದು ಕೊಡಿಸಿದ ರೀಲ್ ಪಿಸ್ತೂಲಿನ ಬೆಳ್ಳಿಬಣ್ಣವನ್ನು ಸಿಮೆಂಟಿನ ಜಗಲಿಗೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದ ಪೀಳಿಗೆ ನಮ್ಮದು. ಅಡಿಯ ಬೂದುಲೋಹ ಕಂಡೊಡನೆ ಆಟಿಕೆಯು ಸಿನಿಮಾದ ಪಿಸ್ತೂಲಾಗಿಬಿಡುತ್ತಿತ್ತು. ಆ ಬಾಲಿಶ ಆಸೆಗೂ ಒಂದು ಇತಿಹಾಸವಿದೆ, ಅದರಲ್ಲಿ ಕಾನೂನೂ ಸಾವೂ ಬೆರೆತಿವೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ, ಏರ್‌ಸಾಫ್ಟ್ ಎಂಬ ಹವ್ಯಾಸದ ಬಗ್ಗೆ ಓದತೊಡಗಿದಾಗ.

ನಿಜವಾದ ಬಂದೂಕಿನ ಪಡಿಯಚ್ಚಿನಂತಿದ್ದು, ಸ್ಪ್ರಿಂಗ್, ಅನಿಲ ಅಥವಾ ವಿದ್ಯುತ್ ಮೋಟಾರಿನ ಬಲದಿಂದ ಸಾಮಾನ್ಯವಾಗಿ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡುಗಳನ್ನು ಎಸೆಯುವ ಸಾಧನವೇ ಏರ್‌ಸಾಫ್ಟ್. ಲೋಹದ ಮೈಯುಳ್ಳ ಪ್ರತಿಕೃತಿಯನ್ನು ತಮ್ಮ ಇಚ್ಛೆಯಂತೆ ಅಲಂಕರಿಸುವವರು ಮೊದಲು ಕಾರ್ಖಾನೆಯ ಬಣ್ಣವನ್ನು ಕಳಚುತ್ತಾರೆ. ಅದು ತಾಳ್ಮೆಯ ಕೆಲಸ. ಬಂದೂಕನ್ನು ಪೂರ್ತಿ ಬಿಚ್ಚಿ, ಪ್ಲಾಸ್ಟಿಕ್ ಹಾಗೂ ರಬ್ಬರಿನ ಭಾಗಗಳನ್ನು ಬೇರ್ಪಡಿಸಬೇಕು, ಏಕೆಂದರೆ ಬಣ್ಣ ಕರಗಿಸುವ ಅಸಿಟೋನ್ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಕಬ್ಬಿಣದ ಗೇಟಿನ ಹಳೆಯ ಬಣ್ಣಕ್ಕೆ ಬಳಸುವ ಕಾಸ್ಟಿಕ್ ಸೋಡಾ ಇಲ್ಲಿ ಸಲ್ಲದು. ಈ ಪ್ರತಿಕೃತಿಗಳ ಲೋಹ ಬಹುಮಟ್ಟಿಗೆ ಸತುವಿನ ಮಿಶ್ರಲೋಹ ಅಥವಾ ಅಲ್ಯೂಮಿನಿಯಂ. ಎರಡನ್ನೂ ಕ್ಷಾರವು ತಿಂದುಹಾಕುತ್ತದೆ. ದ್ರಾವಕದಿಂದ ಬಣ್ಣ ಸಡಿಲಿಸಿ, ನಯವಾದ ಮರಳುಕಾಗದದಿಂದ ಉಜ್ಜಿ, ಜಿಡ್ಡು ತೊಳೆದು, ಲೋಹವನ್ನು ಕಚ್ಚಿಕೊಳ್ಳುವ ಪ್ರೈಮರ್ ಬಳಿದ ಮೇಲೆಯೇ ಹೊಸ ಬಣ್ಣ ನಿಲ್ಲುತ್ತದೆ. ಇಷ್ಟು ಕುಶಲಕರ್ಮದ ಮಾತು. ಆದರೆ ಕಳಚಿದ ಆ ಬಣ್ಣವನ್ನು ಮೊದಲು ಬಳಿದದ್ದಾದರೂ ಏಕೆ?

ಉತ್ತರಕ್ಕಾಗಿ ಜಪಾನಿಗೆ ಹೋಗಬೇಕು. 1958ರ ಕಾನೂನು ಅಲ್ಲಿ ಬಂದೂಕು ಮತ್ತು ಖಡ್ಗಗಳ ಒಡೆತನವನ್ನು ಬಿಗಿಯಾಗಿ ನಿಯಂತ್ರಿಸಿತು. ಅಸಲಿ ಸಿಗದ ನಾಡಿನಲ್ಲಿ ನಕಲಿಗೆ ಬೆಲೆ ಬಂದದ್ದು ಸಹಜವೇ. 1960ರ ದಶಕದಲ್ಲಿ ಟೋಕಿಯೊದ ಎಂಜಿಸಿಯಂಥ ಸಂಸ್ಥೆಗಳು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ‘ಮಾಡೆಲ್ ಗನ್’ಗಳನ್ನು ಮಾರತೊಡಗಿದವು. ಅವು ಗುಂಡು ಹಾರಿಸುತ್ತಿರಲಿಲ್ಲ. ಆದರೆ ತೂಕ, ಬಣ್ಣ, ಒಳಗಿನ ಚಲನೆ ಎಲ್ಲವೂ ಅಸಲಿಯನ್ನೇ ಹೋಲುತ್ತಿದ್ದವು. ಹಾಗಾಗಿ ಅವು ಸಂಗ್ರಾಹಕರ ಕಪಾಟುಗಳಲ್ಲಷ್ಟೇ ಉಳಿಯಲಿಲ್ಲ, ಅಪರಾಧಿಗಳ ಕೈಗೂ ಹೋದವು. 1970ರ ಮಾರ್ಚ್ 31ರಂದು ‘ಯೋಡೊ’ ಎಂಬ ಹೆಸರಿನ ವಿಮಾನವನ್ನು ಒಂಬತ್ತು ತರುಣರು ಅಪಹರಿಸಿದರು. ಅವರು ತೋರಿಸಿ ಹೆದರಿಸಿದ ಆಯುಧಗಳು ಬರಿಯ ನಕಲಿಗಳೆಂದು ಅನಂತರ ತಿಳಿದುಬಂತು. ಹೆದರಿಕೆ ಮಾತ್ರ ಅಸಲಿಯಾಗಿತ್ತು.

1971ರಲ್ಲಿ ಜಪಾನ್ ಕಾನೂನನ್ನು ತಿದ್ದಿತು. ಲೋಹದ ನಕಲಿ ಪಿಸ್ತೂಲಿನ ನಳಿಗೆ ಮುಚ್ಚಿರಬೇಕು. ಮೈಬಣ್ಣ ಬಿಳಿ ಅಥವಾ ಹಳದಿ ಇರಬೇಕು. ಮಾರಾಟವಷ್ಟೇ ಅಲ್ಲ, ಈ ನಿಯಮ ಮೀರಿದ ಪಿಸ್ತೂಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ನಿಷಿದ್ಧವಾಯಿತು. ಕಪ್ಪು ಪಿಸ್ತೂಲನ್ನು ಪ್ರೀತಿಯಿಂದ ಒರೆಸಿಟ್ಟಿದ್ದವರಿಗೆ ಇದು ಸಣ್ಣ ಆಘಾತವಾಗಿರಲಾರದು. ತಯಾರಕರು ಚಿನ್ನದ ಲೇಪನ ಮಾಡಿ, ಅದೂ ಹಳದಿಯೇ ಎಂದರು! ಆದರೆ ಆ ಲೇಪನವನ್ನು ಕೆರೆದು ಲೋಹ ಕಾಣಿಸಿದರೆ, ಹವ್ಯಾಸಿ ಅಪರಾಧಿಯಾಗುತ್ತಿದ್ದ. ನಮ್ಮ ಜಗಲಿಯಲ್ಲಿ ಆಟವಾಗಿದ್ದದ್ದು ಅಲ್ಲಿ ದಂಡನಾರ್ಹವಾಗಿತ್ತು.

ಈ ಕಟ್ಟಳೆ ಅನ್ವಯಿಸಿದ್ದು ಲೋಹಕ್ಕೆ ಮಾತ್ರ. ಪ್ಲಾಸ್ಟಿಕ್ ಪಿಸ್ತೂಲು ಕಪ್ಪಾಗಿಯೇ ಉಳಿಯಬಹುದಿತ್ತು. ತಯಾರಕರು ಅತ್ತ ವಾಲಿದರು. 1977ರಲ್ಲಿ, ಅಸಲಿಯಾಗಿ ಪರಿವರ್ತಿಸಲು ಸುಲಭವಾದ ಲೋಹದ ಮಾದರಿಗಳ ಮಾರಾಟಕ್ಕೂ ತಡೆ ಬಿದ್ದಾಗ ಆ ವಾಲುವಿಕೆ ಇನ್ನಷ್ಟು ಬಲವಾಯಿತು. ಏರ್‌ಸಾಫ್ಟ್ ಬೆಳೆದದ್ದು ಈ ಪ್ಲಾಸ್ಟಿಕ್ ನೆಲದಲ್ಲಿ. 1991ರಲ್ಲಿ ಟೋಕಿಯೊ ಮಾರುಯಿ ಸಂಸ್ಥೆಯ ವಿದ್ಯುತ್‌ಚಾಲಿತ ಫಾಮಾಸ್ ಬಂದ ಮೇಲೆ ಅದು ಲೋಕವ್ಯಾಪಿಯಾಯಿತು. ಲೋಹದ ಮೋಹವಾದರೂ ಸಾಯಲಿಲ್ಲ. ಜಪಾನೀಯರು ರಾಳಕ್ಕೆ ಲೋಹದ ಪುಡಿ ಬೆರೆಸಿ, ಉಜ್ಜಿದರೆ ಹೊಳೆಯುವ ಭಾರದ ಪ್ಲಾಸ್ಟಿಕ್ಕನ್ನೇ ಮಾಡಿಕೊಂಡರು. ತೈವಾನಿನಂಥ ಕಡೆಗಳಿಂದ ಲೋಹದ ಮೈಯ ಪಿಸ್ತೂಲುಗಳು ಉಳಿದ ಜಗತ್ತಿಗೆ ಹೋದವು.

ಅಲ್ಲೂ ಬಣ್ಣ ಬೆನ್ನುಬಿಡಲಿಲ್ಲ. ಅಮೆರಿಕದ 1988ರ ಕಾನೂನು ನಕಲಿ ಬಂದೂಕಿನ ನಳಿಗೆಯ ತುದಿಗೆ ಉಜ್ವಲ ಕಿತ್ತಳೆ ಗುರುತನ್ನು ಕಡ್ಡಾಯಗೊಳಿಸಿತು. ಬ್ರಿಟನ್ನು 2006ರ ಕಾಯ್ದೆಯ ಮೂಲಕ, 2007ರ ಅಕ್ಟೋಬರಿನಿಂದ, ಅಸಲಿಯಂತೆ ಕಾಣುವ ನಕಲಿಗಳ ಮಾರಾಟವನ್ನು ನಿರ್ಬಂಧಿಸಿತು. ಕೆಂಪು, ಹಸಿರು, ನೀಲಿ, ಗುಲಾಬಿಯಂಥ ಎದ್ದುಕಾಣುವ ಬಣ್ಣಗಳಿದ್ದರೆ ಅಡ್ಡಿಯಿಲ್ಲ. ಅವನ್ನು ಮಾರ್ಪಡಿಸಿ ಅಸಲಿಯಂತೆ ಕಾಣಿಸುವುದೂ ಅಲ್ಲಿ ಅಪರಾಧ. ಸಂಘಟಿತ ಕ್ರೀಡೆ, ನಾಟಕ, ಚಲನಚಿತ್ರಗಳಂಥ ಬಳಕೆಗಳಿಗೆ ಮಾತ್ರ ವಿನಾಯಿತಿ.

ಇದನ್ನೆಲ್ಲ ಸರಕಾರದ ಅತಿಯಾದ ಕಾಳಜಿಯೆಂದು ನಗಬಹುದಿತ್ತು. ಕಡತಗಳ ನಡುವೆಯೇ ಬದುಕುವ ನಮಗೂ ನಿಯಮಗಳ ಬಗ್ಗೆ ಅಂಥ ನಗು ಬರುವುದುಂಟು. ಆದರೆ 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ ಹನ್ನೆರಡು ವರ್ಷದ ಕಪ್ಪುವರ್ಣೀಯ ಬಾಲಕ ತಮೀರ್ ರೈಸ್ ಏರ್‌ಸಾಫ್ಟ್ ಪಿಸ್ತೂಲೊಂದನ್ನು ಹಿಡಿದು ಆಡುತ್ತಿದ್ದ. ಅದರ ಕಿತ್ತಳೆ ತುದಿ ಇರಲಿಲ್ಲ. ಕರೆ ಮಾಡಿ ತಿಳಿಸಿದವರು ಅದು ಬಹುಶಃ ನಕಲಿಯೆಂದೂ ಹೇಳಿದ್ದರು. ಆ ಮಾತು ಸ್ಥಳಕ್ಕೆ ಹೋದ ಪೋಲೀಸರನ್ನು ತಲುಪಲಿಲ್ಲ. ಬಂದ ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿತು. ಮರುದಿನ ಬಾಲಕ ತೀರಿಕೊಂಡ. ತುದಿಯ ಬಣ್ಣ ಉಳಿದಿದ್ದರೆ ಅವನೂ ಉಳಿಯುತ್ತಿದ್ದನೆಂದು ಹೇಳುವುದು ಸುಲಭವಲ್ಲ. ಆ ಸಾವಿನ ಹೊಣೆಯನ್ನು ಬಣ್ಣದ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ. ಆದರೆ ಅಪರಿಚಿತನೊಬ್ಬನಿಗೆ ‘ನಾನು ಆಟಿಕೆ’ ಎಂದು ಹೇಳುವ ಏಕೈಕ ಮಾತು ಆ ಪಿಸ್ತೂಲಿನ ಮೈಮೇಲಿಂದ ಆಗಲೇ ಅಳಿದುಹೋಗಿತ್ತು.

ಹಾಗೆಂದು ಬಣ್ಣ ಕಳಚುವ ಹವ್ಯಾಸಿಯನ್ನು ನಾವು ದೂರಲಾರೆವು. ಲೋಹದ ನಿಜವಾದ ಮೈಯನ್ನು ಕಾಣುವ ಅವನ ಆಸೆ ನಮಗೆ ಚೆನ್ನಾಗಿ ಗೊತ್ತು. ಅವನ ಕೋಣೆಯಲ್ಲಿ, ಆಟದ ಬಯಲಿನಲ್ಲಿ ಅದು ಸೌಂದರ್ಯವೇ ಸರಿ. ಕಾನೂನು ಬಣ್ಣ ಬಳಿಸಿದ್ದು ಮಾತ್ರ ಬೀದಿಯಲ್ಲಿ ಎದುರಾಗುವವನ ಕಣ್ಣಿಗಾಗಿ. ನಮ್ಮ ಜಗಲಿಯಲ್ಲಿ ಹಾಗೆ ಎದುರಾಗುತ್ತಿದ್ದವರು ಅಜ್ಜಿಯೊಬ್ಬಳೇ. ‘ಹೊಸ ಪಿಸ್ತೂಲು ಹಾಳು ಮಾಡಿದೆಯಲ್ಲೋ’ ಎಂದು ಗದರಿ ಅವಳು ಒಳಗೆ ಹೋಗುತ್ತಿದ್ದಳು.