ಮಳೆನೀರು ನಿರ್ವಹಣೆಯ ಉದ್ಯಾನಗಳು

ಸುತ್ತಲಿನ ರಸ್ತೆ, ಚಾವಣಿಗಳಿಂದ ಹರಿದುಬರುವ ಮಳೆನೀರನ್ನು ತಗ್ಗು, ಕೊಳ, ಜೌಗುಗಳಲ್ಲಿ ತಡೆದು ನಿಲ್ಲಿಸಿ, ಮಣ್ಣು ಮತ್ತು ಬೇರುಗಳ ನಡುವೆ ಸೋಸಿ, ನೆಲಕ್ಕೆ ಇಂಗಿಸುವ ಇಲ್ಲವೆ ನಿಧಾನವಾಗಿ ಹೊರಬಿಡುವಂತೆ ರೂಪಿಸಿದ ಸಾರ್ವಜನಿಕ ಉದ್ಯಾನಗಳು. ನಗರದ ನೆಲವನ್ನು ಕಾಂಕ್ರೀಟು, ಡಾಂಬರುಗಳು ಮುಚ್ಚಿದಂತೆಲ್ಲ ಇಂಗುವ ನೀರು ತಗ್ಗಿ ಮೇಲೆ ಹರಿಯುವ ನೀರು ಹೆಚ್ಚುವುದರಿಂದ ಇವುಗಳ ಅಗತ್ಯ ಉಂಟಾಯಿತು.

ಆಧುನಿಕ ಕಾಲದ ಮೊದಲ ಮಾದರಿಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ಬ್ಯಾಕ್ ಬೇ ಫೆನ್ಸ್ ಮುಖ್ಯವಾದುದು. ಚಾರ್ಲ್ಸ್ ನದಿಯ ಅಳಿವೆಯ ಕೆಸರುಬಯಲಿಗೆ ಮಣ್ಣು ತುಂಬಿ ಬಡಾವಣೆ ಕಟ್ಟಿದ ಮೇಲೆ, ಮಡ್ಡಿ ರಿವರ್ ಮತ್ತು ಸ್ಟೋನಿ ಬ್ರೂಕ್ ಎಂಬ ಹೊಳೆಗಳ ನೀರು ಸಮುದ್ರದ ಉಬ್ಬರದ ವೇಳೆ ಹೊರಹೋಗಲಾರದೆ ಉಕ್ಕುತ್ತಿತ್ತು. ಅವು ಹೊತ್ತು ತರುವ ಚರಂಡಿಯ ಕೊಳೆ ಅಲ್ಲೇ ನಿಂತು ನಾರುತ್ತಿತ್ತು. ಭೂದೃಶ್ಯ ವಿನ್ಯಾಸಕ ಫ್ರೆಡ್ರಿಕ್ ಲಾ ಓಲ್ಮ್‌ಸ್ಟೆಡ್ 1879ರ ಸುಮಾರಿಗೆ ನಗರದ ಎಂಜಿನಿಯರರೊಡನೆ ಸೇರಿ, ಕೊಳೆನೀರನ್ನು ಬೇರೆ ಕಾಲುವೆಗೆ ತಿರುಗಿಸಿ, ಉಬ್ಬರದ ನೀರು ಒಳಬರುವುದನ್ನು ತೂಬಿನಿಂದ ಹತೋಟಿಯಲ್ಲಿಟ್ಟು, ನೆರೆ ಬಂದಾಗ ನೀರು ಹರಡಿ ನಿಲ್ಲಲೆಂದು ಉಪ್ಪುನೀರಿನ ಜೌಗನ್ನೇ ಉದ್ಯಾನವಾಗಿ ರೂಪಿಸಿದನು. 1910ರಲ್ಲಿ ಚಾರ್ಲ್ಸ್ ನದಿಗೆ ಅಣೆಕಟ್ಟು ಬಂದು ಉಬ್ಬರದ ನೀರು ನಿಂತದ್ದರಿಂದ, ಉಪ್ಪುನೀರಿಗೆ ಹೊಂದಿಕೊಂಡಿದ್ದ ಅಲ್ಲಿನ ಸಸ್ಯಗಳು ನಶಿಸಿದವು. ಮುಂದೆ ಮಡ್ಡಿ ರಿವರ್‌ನ ಒಂದು ಭಾಗವನ್ನು ನೆಲದಡಿಯ ಕೊಳವೆಗಳಿಗೆ ಸೇರಿಸಲಾಯಿತು; 1996ರ ಅಕ್ಟೋಬರಿನ ಮಳೆಯಲ್ಲಿ ಹೊಳೆ ಉಕ್ಕಿ ಕೆನ್ಮೋರ್ ಸುರಂಗ ರೈಲುನಿಲ್ದಾಣಕ್ಕೆ ನುಗ್ಗಿದ ಬಳಿಕ ಆ ಭಾಗವನ್ನು ಮತ್ತೆ ತೆರೆಯಲು ನಿರ್ಧರಿಸಿ, ಮೊದಲ ಹಂತದ ಕೆಲಸವನ್ನು 2016ರಲ್ಲಿ ಮುಗಿಸಲಾಯಿತು.

1990ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ, ಮರಳುಮಿಶ್ರಿತ ಮಣ್ಣಿನ ತಗ್ಗಿನಲ್ಲಿ ಗಿಡ ನೆಟ್ಟು ಮಳೆನೀರನ್ನು ಸೋಸುವ ಪದ್ಧತಿಗೆ ಶಾಸ್ತ್ರೀಯ ರೂಪ ಬಂದಿತು. ಸಿಂಗಪುರ 2006ರಲ್ಲಿ ಜಲಮಾರ್ಗಗಳ ಸುಧಾರಣೆಯ ಕಾರ್ಯಕ್ರಮವನ್ನು ಕೈಗೊಂಡು, ಬಿಷಾನ್–ಆಂಗ್ ಮೊ ಕಿಯೊ ಉದ್ಯಾನದ ಅಂಚಿನಲ್ಲಿ ನೇರವಾಗಿ ಸಾಗುತ್ತಿದ್ದ ಸುಮಾರು 2.7 ಕಿ.ಮೀ. ಉದ್ದದ ಕಾಂಕ್ರೀಟು ಕಾಲುವೆಯನ್ನು ಒಡೆದು, 2012ರ ವೇಳೆಗೆ ಅದನ್ನು ಉದ್ಯಾನದೊಳಗೆ ಅಂಕುಡೊಂಕಾಗಿ ಹರಿಯುವ ಹೊಳೆಯಾಗಿಸಿತು. ಅದರ ದಡಗಳನ್ನು ಬೇರು, ಕಲ್ಲು, ಸಸ್ಯಗಳಿಂದ ಬಿಗಿಗೊಳಿಸಲಾಗಿದ್ದು, ಮಳೆ ಇಲ್ಲದಾಗ ಜನ ನಡೆದಾಡುವ ಇಳಿಜಾರು ಹುಲ್ಲುಹಾಸೇ ಜಡಿಮಳೆಯಲ್ಲಿ ನೆರೆಯ ಪಾತ್ರವಾಗುತ್ತದೆ. ಬ್ಯಾಂಕಾಕಿನ ಚುಲಾಲಂಗ್‌ಕಾರ್ನ್ ಶತಮಾನೋತ್ಸವ ಉದ್ಯಾನವನ್ನು (2017) ಒಂದು ಕಡೆಗೆ ವಾಲಿಸಿ ಕಟ್ಟಿರುವುದರಿಂದ, ಮೇಲ್ತುದಿಯ ಕಟ್ಟಡದ ಚಾವಣಿಯಿಂದ ಇಳಿಯುವ ನೀರು ಜೌಗುಗಳನ್ನು ಹಾದು ಕೆಳತುದಿಯ ಕೊಳವನ್ನು ಸೇರುತ್ತದೆ.

ಇಂಥ ಉದ್ಯಾನಗಳ ಧಾರಣಶಕ್ತಿಗೆ ಮಿತಿಯಿದ್ದು, ಹೂಳೂ ಕಳೆಯೂ ತುಂಬಿದರೆ ಅದು ಮತ್ತೂ ಕುಗ್ಗುತ್ತದೆ. ಆದಕಾರಣ ಇವು ಚರಂಡಿ ವ್ಯವಸ್ಥೆಗೆ ಪೂರಕವೇ ಹೊರತು ಪರ್ಯಾಯವಲ್ಲ.